ಯಾವ ಮಂಜುನಾಥ?

ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಮಂಜುನಾಥರಿದ್ದರು. 1971ರ ಆಸುಪಾಸಿನಲ್ಲಿ ನಮ್ಮ ಕಡೆ ಗಂಡು ಮಗುವಿಗಾಗಿ ಧರ್ಮಸ್ಥಳಕ್ಕೆ ಹರಕೆ ಹೊತ್ತ ತಾಯಂದಿರು ಎಷ್ಟಿದ್ದರೋ, ಹಾಜರಿ ಪುಸ್ತಕ ನೋಡಿದರೆ ಒಂದು ಅಂದಾಜು ಸಿಗುತ್ತಿತ್ತು. ಇನಿಷಿಯಲ್ ಸೇರಿಸಿ ಕೂಗುವಷ್ಟು ತಾಳ್ಮೆ ಗಣಿತದ ಮೇಷ್ಟ್ರಿಗೆ ಇರಲಿಲ್ಲ. ಅರಸೀಕೆರೆ ಜಂಕ್ಷನ್ ಊರು ನೋಡಿ, ಪ್ಲಾಟ್‌ಫಾರಂಗೆ ಕೊಟ್ಟ ಹಾಗೆ ಇವರಿಗೂ ನಂಬರ್ ಕೊಟ್ಟುಬಿಟ್ಟರು. ಮಂಜುನಾಥ ಒಂದು, ಮಂಜುನಾಥ ಎರಡು, ಹೀಗೆ ನಾಲ್ಕರವರೆಗೆ.

1987ರ ಎಸ್ಸೆಸ್ಸೆಲ್ಸಿ ರಿಸಲ್ಟು ಪೇಪರಿನಲ್ಲಿ ಬಂದಾಗ ಈ ವ್ಯವಸ್ಥೆಯ ಮೊದಲ ಅಪಘಾತ ಆಯಿತು. ಆಗ ಪೇಪರಿನಲ್ಲಿ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಪಾಸಾದವರ ನಂಬರ್ ಮಾತ್ರ ಹಾಕುತ್ತಿದ್ದರು. ನಾಲ್ವರ ನಂಬರೂ ಸಾಲಾಗಿ ಇದ್ದವು. ಪೇಪರಿನಲ್ಲಿ ಮೂರು ಇದ್ದವು, ಒಂದು ಇರಲಿಲ್ಲ. ಹಾಲ್ ಟಿಕೆಟ್ ಹುಡುಕುವುದರೊಳಗೆ ನಾಲ್ಕು ಮನೆಯಲ್ಲೂ ಅಳು ಶುರುವಾಗಿತ್ತು, ಮೂರು ಮನೆಯಲ್ಲಿ ಅನ್ಯಾಯವಾಗಿ ಏಟೂ ಬಿದ್ದಿದ್ದವು. ಹೋಗಿದ್ದು ಎರಡನೆಯವನು, ಗಣಿತದಲ್ಲಿ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸು ಮಾಡಿಕೊಂಡ.

ಈಗ ನಮಗೆಲ್ಲ ಐವತ್ತು ದಾಟಿದೆ. ನಮ್ಮದೊಂದು ವಾಟ್ಸಾಪ್ ಗ್ರೂಪಿದೆ. ಅಂದು ಹುಡುಗಿಯರ ಸಾಲಿನ ಕಡೆ ರಬ್ಬರ್ ಉರುಳಿ ಹೋದರೆ ಹೋಯಿತು, ಕೇಳುವ ಹಾಗಿರಲಿಲ್ಲ. ಕೇಳಿದವನ ಹೆಸರು ಸಂಜೆಯೊಳಗೆ ಹುಡುಗಿಯ ಹೆಸರಿನ ಜೊತೆ ಇದ್ದಿಲಿನಲ್ಲಿ ಗೋಡೆ ಮೇಲಿರುತ್ತಿತ್ತು. ಅದೇ ಜನ ಈಗ ಬೆಳಗ್ಗೆ ಆರಕ್ಕೆ ಪರಸ್ಪರ ಗುಲಾಬಿ ಹೂವಿನ ಚಿತ್ರ ಕಳಿಸಿಕೊಳ್ಳುತ್ತೇವೆ. ಮಾರ್ಕ್ಸ್ ಎಷ್ಟು ಎಂದು ಕೇಳುತ್ತಿದ್ದವರು ಶುಗರ್ ಎಷ್ಟು ಎಂದು ಕೇಳುತ್ತೇವೆ. ಕೆಲವರು ಆಗಲೂ ಸುಳ್ಳು ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ.

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಗ್ರೂಪಿನಲ್ಲಿ ಒಬ್ಬ ಬರೆದ: 'ಮಂಜುನಾಥ ನಮ್ಮನ್ನೆಲ್ಲ ಬಿಟ್ಟು ಹೋಗಿಬಿಟ್ಟನಲ್ಲಪ್ಪ.'

ಹತ್ತು ನಿಮಿಷದಲ್ಲಿ ಇಪ್ಪತ್ತೇಳು 'ಓಂ ಶಾಂತಿ' ಬಿದ್ದವು. ಅದರಲ್ಲಿ ನನ್ನದೂ ಒಂದು. ಯಾವ ಮಂಜುನಾಥ ಎಂದು ಕೇಳಬೇಕು ಅಂತ ಯಾರಿಗೂ ಅನಿಸಲಿಲ್ಲ, ಅನಿಸಿದರೂ ಸಾವಿನ ಹೊತ್ತಿನಲ್ಲಿ ವಿವರ ಕೇಳುವುದು ಚೆನ್ನಾಗಿರುವುದಿಲ್ಲ. ಅಷ್ಟರಲ್ಲಿ ಕೊಬ್ಬರಿ ವ್ಯಾಪಾರದ ಮಂಜುನಾಥ ಒಂದು, 'ಒಳ್ಳೆ ಮನುಷ್ಯ, ಓಂ ಶಾಂತಿ' ಅಂದ. ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿರುವ ಮಂಜುನಾಥ ನಾಲ್ಕು ಕೈಮುಗಿದ. ಅಮೆರಿಕದ ಮಂಜುನಾಥ ಮೂರು, ಅಲ್ಲಿ ರಾತ್ರಿಯಾಗಿದ್ದರೂ ಎದ್ದು ಕೂತು, 'ನನ್ನ ಹೆಸರಿನವನೇ ಹೋದನಲ್ಲ' ಎಂದು ಅಳುವ ಮುಖ ಹಾಕಿದ.

ಕೊನೆಗೆ ಗ್ರೂಪಿನ ಅಡ್ಮಿನ್‌ಗೆ ಅನುಮಾನ ಬಂತು. ಅಂದು ಕ್ಲಾಸ್ ಲೀಡರ್ ಆಗಿದ್ದವಳು ಆಕೆಯೇ. ಹಾಜರಿ ಹಾಕಿದಳು. 'ಮಂಜುನಾಥ ಒಂದು?' 'ಇದೀನಿ.' 'ಮೂರು?' 'ಪ್ರೆಸೆಂಟ್.' 'ನಾಲ್ಕು?' 'ಇದೀನಿ, ಯಾಕೆ?' ಎರಡಕ್ಕೆ ಉತ್ತರ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಮೂರು ಇವೆ, ಒಂದು ಇಲ್ಲ!

ಎರಡನೆಯವನು ಊರಿನಲ್ಲೇ ಲೈನ್‌ಮನ್. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, ಆಮೇಲೆ ನಮ್ಮ ಜಿಲ್ಲೆ ಚೆಸ್ಕಾಂಗೆ ಬಂತು, ಊರಿನವರ ಬಾಯಲ್ಲಿ ಮಾತ್ರ ಅವನು ಇಂದಿಗೂ ಕೆಇಬಿ ಮಂಜಣ್ಣ. ಲೈನ್‌ಮನ್ ಅಂದಮೇಲೆ ಕಾರಣ ಹುಡುಕುವುದು ಕಷ್ಟವೇ? 'ಕರೆಂಟ್ ಹೊಡೀತಂತೆ' ಎಂದು ಒಬ್ಬ ಬರೆದ. 'ಅಂತೆ' ಅನ್ನುವುದು ಮಧ್ಯಾಹ್ನದ ಹೊತ್ತಿಗೆ ಉದುರಿಹೋಗಿತ್ತು.

ನಾನು ಹೊರಟೆ. ಬೆಂಗಳೂರಿನಲ್ಲಿರುವ ಉಳಿದ ಹನ್ನೊಂದು ಜನರಿಗೂ ಅವತ್ತೇ ಮದುವೆ, ಗೃಹಪ್ರವೇಶ, ಬೆನ್ನುನೋವು ಇದ್ದವು. ಅಮೆರಿಕದವನು, 'ಹಾರಕ್ಕೆ ನನ್ನ ಪಾಲೂ ಸೇರಿಸು, ಫೋನ್‌ಪೇ ಮಾಡಿಸ್ತೀನಿ' ಅಂದ. ಇನ್ನೂ ಮಾಡಿಸುತ್ತಿದ್ದಾನೆ. ತುಮಕೂರು ದಾಟಿ ತೆಂಗಿನ ತೋಟಗಳು ಶುರುವಾದ ಮೇಲೆ ರೈಲಿನಲ್ಲಿ ನನಗೆ ನಿಜವಾಗಿಯೂ ಗಂಟಲು ಕಟ್ಟಿತು. ಹಿಂದೆ ಇದೇ ದಾರಿಯ ಮೀಟರ್‌ಗೇಜ್ ರೈಲಿನಲ್ಲಿ ನಾವಿಬ್ಬರೂ ಟಿಕೆಟ್ ಇಲ್ಲದೆ ತಿಪಟೂರಿಗೆ ಹೋಗಿ ಬಂದಿದ್ದೆವು. ಸಿಕ್ಕಿಬಿದ್ದಿದ್ದು ಅವನೊಬ್ಬನೇ. ನನ್ನ ಹೆಸರು ಹೇಳಿರಲಿಲ್ಲ.

ಅರಸೀಕೆರೆಯಲ್ಲಿ ಇಳಿದು 350 ರೂಪಾಯಿ ಕೊಟ್ಟು ಗುಲಾಬಿ ಹಾರ ತೆಗೆದುಕೊಂಡೆ. ಪೇಪರಿನಲ್ಲಿ ಸುತ್ತಿಸಿ, ಕಂಕುಳಲ್ಲಿ ಇಟ್ಟುಕೊಂಡು, ಮುಖ ಸಪ್ಪೆ ಮಾಡಿಕೊಂಡು ಬಸ್ ಸ್ಟ್ಯಾಂಡ್ ದಾಟಿದೆ. ತಿರುವಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಕಂಬದ ಕೆಳಗೆ ನಿಂತು, ಮೇಲೆ ಹತ್ತಿದ್ದ ಹುಡುಗನ ವಂಶವನ್ನೆಲ್ಲ ನೆನೆಯುತ್ತಿದ್ದ. ದನಿ ಗೊತ್ತಿರುವ ದನಿ. ನನ್ನ ಕಾಲು ಅಲ್ಲೇ ನಿಂತವು.

'ಏನ್ಲಾ, ಯಾವಾಗ ಬಂದೆ?' ಅಂದ ಮೃತ.

ಏನು ಹೇಳುವುದು? ಸುಳ್ಳು ಹೊಳೆಯಲಿಲ್ಲ. 'ನಿನ್ನ ಮಣ್ಣಿಗೆ ಬಂದೆ ಕಣೋ' ಅಂದೆ. ಅವನು ಕಂಕುಳಿನ ಪೊಟ್ಟಣ ಕಿತ್ತು ಬಿಡಿಸಿ ನೋಡಿದ, ಮೂಸಿದ. 'ಎಷ್ಟು ಕೊಟ್ಟೆ?' 'ಮುನ್ನೂರೈವತ್ತು.' 'ಟೋಪಿ ಹಾಕವ್ನೆ. ನನ್ ಹೆಸರು ಹೇಳಿದ್ರೆ ಇನ್ನೂರಕ್ಕೆ ಕೊಡ್ತಿದ್ದ.'

ಮಗ ಹೊಸ ಫೋನು, ಹೊಸ ನಂಬರು ಕೊಡಿಸಿದ್ದನಂತೆ. ಹಳೆಯ ನಂಬರಿನಿಂದ ಎಲ್ಲ ಗ್ರೂಪುಗಳಿಂದಲೂ ಹೊರಗೆ ಬಂದು ಸಿಮ್ ಕಿತ್ತು ಬಿಸಾಕಿದ್ದನಂತೆ. 'ಬಿಟ್ಟು ಹೋದ' ಎಂದು ಬರೆದವನು ಹೇಳಿದ್ದು ಅಷ್ಟೇ. ಕನ್ನಡ ತಪ್ಪಿರಲಿಲ್ಲ, ತಪ್ಪೆಲ್ಲ ನಮ್ಮ ವಯಸ್ಸಿನದು. ಗ್ರೂಪಿನಲ್ಲಿ ವಿಷಯ ಹಾಕಲು ಫೋನ್ ತೆಗೆದೆ. ಅವನು ಕೈ ಹಿಡಿದ. 'ತಡಿ. ಮೊದಲು ಮನೆಗೆ ನಡಿ.'

ಮನೆಯಲ್ಲಿ ಹಾರವನ್ನು ಹೆಂಡತಿ ಮಂಜುನಾಥಸ್ವಾಮಿ ಫೋಟೋಗೆ ಹಾಕಿದರು, ಅಷ್ಟು ದೂರ ತಂದಿದ್ದು ಹೆಸರಿನವನಿಗಾದರೂ ಸಲ್ಲಲಿ ಎಂದು. ಇವನು ಕನ್ನಡಕ ಏರಿಸಿ, ನನ್ನ ಫೋನ್ ಹಿಡಿದು, ತನ್ನ ಮೇಲಿನ ಶ್ರದ್ಧಾಂಜಲಿಗಳನ್ನು ಒಂದೊಂದಾಗಿ ಓದಲು ಕೂತ. ಉಪ್ಪಿಟ್ಟು ಆರಿ ತಣ್ಣಗಾಯಿತು.

'ಇವನು ನೋಡು, ಬರೀ ಎರಡು ಕೈ. 86ರಲ್ಲಿ ನನ್ನ ಕ್ಯಾಮ್ಲಿನ್ ಜಾಮಿಟ್ರಿ ಬಾಕ್ಸ್ ಇಸ್ಕೊಂಡೋನು ಇವತ್ತಿಗೂ ಕೊಟ್ಟಿಲ್ಲ. ನಾನು ಸತ್ತಾಗಾದ್ರೂ ಒಂದು ಮಾತು ಬರೀಬಾರ್ದಾ?' 'ಇವನು 'ಬೇಗ ಗುಣಮುಖನಾಗಲಿ' ಅಂದವ್ನೆ. ಓದದೆ ಹಾಕೋದು ಇವನ ಚಾಳಿ.' 'ಐವತ್ತೆರಡು ಜನದಲ್ಲಿ ನೀನೊಬ್ಬನೇ ಏನ್ಲಾ ಬಂದಿದ್ದು?' ಎಂದು ನನ್ನನ್ನೇ ಗದರಿಸಿದ, ಬಾರದ ಐವತ್ತು ಜನರ ಜವಾಬ್ದಾರಿಯೂ ನನ್ನದೇ ಎನ್ನುವಂತೆ.

ಆಮೇಲೆ ಒಂದು ಕಡೆ ಬೆರಳು ನಿಂತಿತು. ಪ್ರತಿ ಪರೀಕ್ಷೆಯಲ್ಲೂ ಫಸ್ಟ್ ಬರುತ್ತಿದ್ದ ಹುಡುಗಿ, ಈಗ ಮೈಸೂರಿನಲ್ಲಿ ಕಾಲೇಜು ಪ್ರಿನ್ಸಿಪಾಲ್. ಮೂರು ವರ್ಷದಲ್ಲಿ ಇವನ ಜೊತೆ ಒಂದು ಮಾತೂ ಆಡಿದವಳಲ್ಲ. ಬರೆದಿದ್ದಳು: 'ಒಂದು ಸಂಜೆ ಮಳೆಯಲ್ಲಿ ನನ್ನ ಸೈಕಲ್ ಚೈನ್ ಬಿಚ್ಚಿಕೊಂಡಿತ್ತು. ಮಂಜುನಾಥ ಬಂದು ಹಾಕಿಕೊಟ್ಟು, ಏನೂ ಮಾತಾಡದೆ ಹೋದ. ಅಂಗಿ ತುಂಬ ಗ್ರೀಸ್ ಆಗಿತ್ತು. ಥ್ಯಾಂಕ್ಸ್ ಹೇಳಲು ಆಗ ಧೈರ್ಯ ಇರಲಿಲ್ಲ.'

ಮೂರು ಸಲ ಓದಿದ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

'ಅದು ನಾನಲ್ಲ ಕಣ್ಲಾ. ಮೂರನೆಯವನು.'

'ಹೇಳೋಣ ಅಂತೀಯಾ?'

'ಅಮೆರಿಕದಲ್ಲಿ ಇರೋನಿಗೆ ಇದೆಲ್ಲ ಯಾಕೆ ಬಿಡು' ಅಂದ. 'ನನ್ನ ಹೊಸ ನಂಬರ್ ಬರ್ಕೋ. ಇದೊಂದನ್ನ ಫಾರ್ವರ್ಡ್ ಮಾಡು.'