ಕಾಲನ್ನೇ ನೋಡದೆ ಶೂ ಮಾರುವ ಅಂಗಡಿಗಳು

ದಾವಣಗೆರೆಯಲ್ಲಿ ಗಿರಾಕಿಯ ಪಾದವನ್ನು ಅಳೆದು ವಾಕಿಂಗ್ ಶೂ ಕೊಡುವ ಅಂಗಡಿ ನನಗೆ ಇನ್ನೂ ಸಿಕ್ಕಿಲ್ಲ. ಮಂಡಿಪೇಟೆಯ ಹಳೆಯ ಮಳಿಗೆಗಳಿರಲಿ, ಗಾಜಿನ ಬಾಗಿಲಿನ ಹೊಸ ಶೋರೂಮ್‌ಗಳಿರಲಿ, ಒಳಗೆ ಕಾಲಿಟ್ಟೊಡನೆ ಕೇಳುವುದು ‘ಎಷ್ಟನೇ ನಂಬರ್ ರೀ?’ ಎಂಬ ಒಂದೇ ಪ್ರಶ್ನೆ. ಬಟ್ಟೆ ಗಿರಣಿಗಳಿಂದ ಹೆಸರಾದ ಈ ಊರಿನಲ್ಲಿ ಒಂದು ರವಿಕೆ ಹೊಲಿಯುವವರೂ ಭುಜ, ತೋಳು, ಸೊಂಟಕ್ಕೆಲ್ಲ ಟೇಪು ಹಿಡಿಯುತ್ತಾರೆ; ಮೂರು ನಾಲ್ಕು ಸಾವಿರ ರೂಪಾಯಿ ಎಣಿಸಿಕೊಳ್ಳುವ ಶೂ ಅಂಗಡಿಯವರು ಮಾತ್ರ ಡಬ್ಬಿಯ ಮೇಲಿನ ಅಂಕಿಯನ್ನಷ್ಟೇ ಓದುತ್ತಾರೆ.

ಆ ಅಂಕಿ ಹೇಳುವುದಾದರೂ ಏನನ್ನು? ಉದ್ದವನ್ನು ಮಾತ್ರ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಪಾದಕ್ಕೆ ಅಗಲವೂ ಉಂಟು, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ಅಳತೆಯೂ ಬೇರೆಯೇ ಉಂಟು. ಇವು ಮೂರನ್ನೂ ಒಟ್ಟಿಗೆ ತೋರಿಸುವ ಲೋಹದ ಸಾಧನವನ್ನು ಅಮೆರಿಕದ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲೇ ರೂಪಿಸಿದ್ದರು. ನೂರು ವರ್ಷಗಳಾಗುತ್ತ ಬಂದರೂ ಅದು ನಮ್ಮ ಅಂಗಡಿಗಳಿಗೆ ಬಂದಿಲ್ಲ. ಹೋಗಲಿ, ಕಾಗದದ ಮೇಲೆ ಕಾಲಿಡಿಸಿ ಪೆನ್ಸಿಲ್ಲಿನಿಂದ ಗೆರೆ ಎಳೆಯುವುದಕ್ಕೂ ಯಂತ್ರ ಬೇಕೇ?

ನನ್ನ ಮುಂಗಾಲು ಅಗಲ, ಹಿಮ್ಮಡಿ ಕಿರಿದು. ಉದ್ದ ಸರಿಹೊಂದಿದರೆ ಕಿರುಬೆರಳು ಒತ್ತಿ ಉರಿಯುತ್ತದೆ. ಒಂದು ನಂಬರ್ ದೊಡ್ಡದನ್ನು ಕೊಂಡರೆ ಹೆಜ್ಜೆಹೆಜ್ಜೆಗೂ ಹಿಮ್ಮಡಿ ಮೇಲೇರಿ ಜಾರಿ, ಕುಂದವಾಡ ಕೆರೆಯ ಸುತ್ತ ಒಂದು ಬಾರಿ ನಡೆದು ಮುಗಿಸುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಇದನ್ನು ಬಿಡಿಸಿ ಹೇಳಿದರೆ ಸಿಗುವ ಸಲಹೆ, ‘ಜೆಂಟ್ಸ್ ತಗೊಂಡ್ಬಿಡ್ರಿ ಮೇಡಮ್’ ಎಂಬುದು. ಗಂಡಸರ ಶೂ ಸಾಮಾನ್ಯವಾಗಿ ಅಗಲವಾಗಿರುವುದು ನಿಜ, ಆದರೆ ಅದರ ಹಿಮ್ಮಡಿಯೂ ಅಗಲವೇ ಆದ್ದರಿಂದ ನನ್ನ ತೊಂದರೆ ಅಲ್ಲಿಗೂ ಹಿಂಬಾಲಿಸುತ್ತದೆ. ಒಂದೇ ಉದ್ದಕ್ಕೆ 2ಇ, 4ಇ ಎಂದು ಬೇರೆ ಬೇರೆ ಅಗಲಗಳನ್ನು ತಯಾರಿಸುವ ಕಂಪನಿಗಳಿವೆ ಎಂದರೆ, ಹುಡುಗ ಮಾಲೀಕರ ಮುಖ ನೋಡುತ್ತಾನೆ, ಮಾಲೀಕರು ಮೊಬೈಲ್ ನೋಡುತ್ತಾರೆ. ಅರ್ಧ ನಂಬರ್ ಕೇಳಿದವರಂತೂ ತಕರಾರಿನ ಗಿರಾಕಿ ಎಂದೇ ಲೆಕ್ಕ.

ಇವರ ಇನ್ನೊಂದು ಮಂತ್ರ, ‘ಹಾಕ್ಕೋತಾ ಹಾಕ್ಕೋತಾ ಲೂಸ್ ಆಗ್ತೈತ್ರಿ’. ಚರ್ಮದ ಚಪ್ಪಲಿಯ ಕಾಲದ ಮಾತನ್ನು ಬಲೆಯಂಥ ಬಟ್ಟೆಯ ಶೂಗೆ ಅಂಟಿಸುತ್ತಿದ್ದಾರೆ. ಬಟ್ಟೆ ಅಷ್ಟಿಷ್ಟು ಸಡಿಲವಾಗಬಹುದು, ಅಡಿಯ ಸೋಲ್ ಅಗಲವಾಗುವುದಿಲ್ಲ. ನನ್ನಂತೆ ಸಕ್ಕರೆ ಕಾಯಿಲೆಗಾಗಿ ವೈದ್ಯರಿಂದ ನಡಿಗೆಯ ಅಪ್ಪಣೆ ಪಡೆದವರು ಈ ಊರಿನಲ್ಲಿ ಕಡಿಮೆಯಿಲ್ಲ. ಅವರಲ್ಲಿ ಕೆಲವರಿಗೆ ಪಾದದ ಸ್ಪರ್ಶಜ್ಞಾನವೇ ಮಂಕಾಗಿ, ಶೂ ಒತ್ತಿ ಹುಣ್ಣಾದದ್ದೂ ತಿಳಿಯುವುದಿಲ್ಲ. ಅಂಥವರಿಗೂ ಇದೇ ಮಂತ್ರವನ್ನು ಹೇಳಿ ಕಳುಹಿಸುತ್ತಾರೆ.

ಅಗಲ ಪಾದ ನನ್ನೊಬ್ಬಳ ವಿಕಾರವೂ ಅಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021-22ರಲ್ಲಿ ದೇಶದ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪಿಯನ್ನರದಕ್ಕಿಂತ ಅಗಲವೆಂದು ಕಂಡುಕೊಂಡು, ‘ಭಾ’ ಎಂಬ ನಮ್ಮದೇ ಅಳತೆಯ ಕ್ರಮವನ್ನು ಸಿದ್ಧಪಡಿಸಿದೆ. ಅಂದರೆ ಅಂಗಡಿಗೆ ಬರುವವರಲ್ಲಿ ಬಹಳ ಮಂದಿ ನನ್ನಂಥವರೇ ಇರಬೇಕು.

ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಊದಿಕೊಳ್ಳುವುದರಿಂದ ಸಂಜೆಯೇ ಹೋಗಬೇಕು, ನಡಿಗೆಗೆ ಹಾಕುವ ಕಾಲುಚೀಲವನ್ನೇ ಹಾಕಿ ನೋಡಬೇಕು, ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು ಎಂಬುದನ್ನೆಲ್ಲ ತಿಳಿದುಕೊಂಡೇ ಹೋಗುತ್ತೇನೆ. ಆದರೆ ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ‘ಕೂತೇ ನೋಡ್ರಿ, ಸೋಲ್ ಹೊಲಸಾದ್ರೆ ನೀವೇ ತಗೋಬೇಕಾಗ್ತೈತಿ’ ಎಂಬ ಎಚ್ಚರಿಕೆ ಬರುತ್ತದೆ. ನಡೆಯಲೆಂದೇ ಕೊಳ್ಳುವ ಶೂವನ್ನು ನಡೆದು ನೋಡಲು ಬಿಡದವರು, ಮನೆಯಲ್ಲಿ ನಡೆದು ನೋಡಿ ಮರುದಿನ ತಂದುಕೊಟ್ಟರೆ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಬಿಲ್ಲಿನ ಸಾಲಿನ ಮೇಲೆ ಬೆರಳಿಡುತ್ತಾರೆ.