ರೀಲ್ ಮೇಲೆ ಕಾಗೆ ಗೂಡು

ಮೊನ್ನೆ ಸಂಜೆ ಮಟ್ಟು ಸೇತುವೆ ಹತ್ತಿರ ಒಬ್ಬ ಹುಡುಗ ಮೀನು ಹಿಡಿಯುವ ಹೊಸ ಬೈಟ್‌ಕಾಸ್ಟಿಂಗ್ ರೀಲ್ ಹಿಡಿದು ನಿಂತಿದ್ದ. ಪಡುವಣ ಗಾಳಿ ಮುಖಕ್ಕೇ ಹೊಡೀತಿತ್ತು. ಜೋರಾಗಿ ಒಂದು ಬೀಸು ಬೀಸಿದ. ಗಾಳ ಹತ್ತಡಿ ಆಚೆ ಟಪ್ ಅಂತ ಬಿತ್ತು. ರೀಲ್ ಮೇಲೆ ಮುಷ್ಟಿ ಗಾತ್ರದ ಕಾಗೆ ಗೂಡು, ಅಂದರೆ ಲೈನಿನ (ಗಾಳದ ನೂಲಿನ) ಸಿಕ್ಕು. ಹುಡುಗ ಆಚೀಚೆ ನೋಡಿ, ಯಾರೂ ನೋಡಿಲ್ಲ ಅಂದುಕೊಂಡು, ಕಟ್ಟೆ ಮೇಲೆ ಕೂತು ಬಿಡಿಸಲು ಶುರು ಮಾಡಿದ.

ನಾನು ನೋಡಿದ್ದೆ. ಆದರೂ ಹೋಗಿ ಮಾತಾಡಿಸಲಿಲ್ಲ. ಎರಡು ವರ್ಷದ ಹಿಂದೆ ನಾನು ಅದೇ ಕಟ್ಟೆ ಮೇಲೆ ಅದೇ ಕೆಲಸ ಮಾಡುತ್ತಿದ್ದಾಗ ಯಾರಾದರೂ ಬಂದು ಬುದ್ಧಿ ಹೇಳಿದ್ದರೆ ರಾಡ್ ಸಮೇತ ಹೊಳೆಗೆ ಎಸೆದುಬಿಡುತ್ತಿದ್ದೆ. ಹಾಗಾಗಿ ಅವನಿಗೆ ಹೇಳಬೇಕಾದ್ದನ್ನು ಇಲ್ಲಿ ಬರೀತಿದ್ದೇನೆ.

ನಾನು ಹೇಳುವುದು ಇಷ್ಟೇ. ನಮ್ಮ ಕರಾವಳಿಯಲ್ಲಿ ಈ ರೀಲ್ ಕಲಿಯಲು ಸಂಜೆ ಹೊತ್ತು ನೀರಿನ ಹತ್ತಿರ ಹೋಗಲೇಬಾರದು. ಬೆಳಿಗ್ಗೆ ಗದ್ದೆಗೆ ಹೋಗಬೇಕು.

ಯಾಕೆ ಅಂತ ತಿಳಿಯಬೇಕಾದರೆ ಗೂಡು ಹೇಗೆ ಕಟ್ಟುತ್ತದೆ ಅಂತ ನೋಡಬೇಕು. ನಾವೆಲ್ಲ ಮೊದಲು ಹಿಡಿಯುವ ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ (ಲೈನ್ ಸುತ್ತಿರುವ ಉರುಳೆ) ತಿರುಗುವುದಿಲ್ಲ, ಲೈನ್ ಅದರ ಅಂಚಿನಿಂದ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಬೈಟ್‌ಕಾಸ್ಟರ್‌ನಲ್ಲಿ ಸ್ಪೂಲ್ ತಾನೇ ತಿರುಗಿ ಲೈನ್ ಬಿಡಬೇಕು. ಅದನ್ನು ತಿರುಗಿಸುವುದು ಹಾರುತ್ತಿರುವ ತೂಕ. ಎದುರು ಗಾಳಿಗೆ ಸಿಕ್ಕಿ ಆ ತೂಕದ ವೇಗ ಕಡಿಮೆಯಾಯಿತು ಅಂತಿಟ್ಟುಕೊಳ್ಳಿ. ಸ್ಪೂಲ್‌ಗೆ ಅದು ಹೇಗೆ ಗೊತ್ತಾಗಬೇಕು? ಅದು ಮೊದಲಿನ ವೇಗದಲ್ಲೇ ಗರಗರ ತಿರುಗುತ್ತಿರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದ ಲೈನ್ ಅಲ್ಲೇ ಉಬ್ಬಿ ಒಂದರೊಳಗೆ ಒಂದು ಸಿಕ್ಕಿಕೊಳ್ಳುತ್ತದೆ. ತೂಕ ನೀರಿಗೆ ಬಿದ್ದು ನಿಂತ ಮೇಲೂ ಸ್ಪೂಲ್ ತಿರುಗುತ್ತಿದ್ದರೆ ಕತೆ ಅದೇ.

ಈಗ ನಮ್ಮ ಗಾಳಿ ನೋಡಿ. ಮಳೆಗಾಲ ಕಳೆದ ಮೇಲೆ ಇಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲು ಏರಿದ ಹಾಗೆ ತಿರುಗಿ ಮಧ್ಯಾಹ್ನದ ಹೊತ್ತಿಗೆ ಕಡಲಿಂದ ನೆಲಕ್ಕೆ ಬರುತ್ತದೆ, ಸಂಜೆಯವರೆಗೂ ಬಿಡುವುದಿಲ್ಲ. ನಾವು ಎಸೆಯುವುದು ಪಡುವಣಕ್ಕೆ. ಅಂದರೆ ಆಫೀಸ್ ಮುಗಿಸಿ ಮಲ್ಪೆಗೋ ಕಾಪುವಿಗೋ ಓಡುವವರಿಗೆಲ್ಲ ಎದುರು ಗಾಳಿಯೇ. ಅದೇ ರೀಲ್, ಅದೇ ಸೆಟ್ಟಿಂಗ್, ಬೆಳಿಗ್ಗೆ ಏಳು ಗಂಟೆಗೆ ಬೆನ್ನ ಹಿಂದಿನ ಗಾಳಿಯಲ್ಲಿ ಚಂದ ಹೋಗುತ್ತದೆ. ನನಗೆ ಇದು ಹೊಳೆಯಲು ಒಂದು ವರ್ಷ ಬೇಕಾಯಿತು. ಅಷ್ಟರವರೆಗೆ ರೀಲ್‌ಗೇ ಬೈಯುತ್ತಿದ್ದೆ.

ರೀಲ್‌ಗೆ ಬೈಯಲು ಬೇರೆ ಕಾರಣವೂ ಇತ್ತು ಬಿಡಿ. ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಡಬ್ಬಿ ಬಿಚ್ಚಿದರೆ ಲೈನ್ ಸುತ್ತುವ ಹಿಡಿ ಎಡಗಡೆ! ನನಗೆ ಬೇಕಿದ್ದದ್ದು ಬಲಗಡೆ. ಸ್ಪಿನ್ನಿಂಗ್ ರೀಲ್ ಆದರೆ ಹಿಡಿಯನ್ನು ಕಳಚಿ ಆ ಕಡೆ ಹಾಕಬಹುದು. ಇದರಲ್ಲಿ ಹಾಗಿಲ್ಲ, ಎಡ ಅಂದರೆ ಎಡ, ಬಲ ಅಂದರೆ ಬಲ. ತಗೊಳ್ಳುವಾಗಲೇ ನೋಡಿ. ಅಂಗಡಿಯವರ ಮಾತು ಕೇಳಿ ಮೊದಲೇ ಬ್ರೇಡ್ ಲೈನ್ (ಸಣ್ಣ ಎಳೆಗಳನ್ನು ಹೆಣೆದದ್ದು) ತುಂಬಿಸಿದ್ದು ಎರಡನೇ ತಪ್ಪು. ಬ್ರೇಡ್ ತೆಳು. ಸಿಕ್ಕು ಬಿದ್ದರೆ ತನ್ನೊಳಗೇ ಕಚ್ಚಿ ಕೂರುತ್ತದೆ, ಮತ್ತೆ ಕತ್ತರಿಯೇ ಗತಿ. ಇನ್ನು ನುಣುಪಾದ ಸ್ಪೂಲ್‌ಗೆ ನೇರ ಕಟ್ಟಿದರೆ ಮೀನು ಎಳೆಯುವಾಗ ಇಡೀ ಲೈನೇ ಸ್ಪೂಲ್ ಸುತ್ತ ತಿರುಗಿ ಜಾರುತ್ತದೆ. ಅಡಿಗೆ ಒಂದಿಷ್ಟು ಮೋನೋ (ಒಂದೇ ಎಳೆಯ ನೈಲಾನ್ ಲೈನ್) ಸುತ್ತಿರಬೇಕು. ಕಲಿಯುವವರಿಗೆ ಪೂರ್ತಿ ಮೋನೋ ಸಾಕು, 12 ಪೌಂಡ್ ಎಳೆತ ತಡೆಯುವಂಥದ್ದು, ಸ್ಪೂಲ್ ಅಂಚಿಗಿಂತ 3 ಮಿಲಿಮೀಟರ್ ಕೆಳಗೆ ಬರುವಷ್ಟು. ತುಂಬಿ ತುಳುಕಿಸಬೇಡಿ.

ಆಮೇಲೆ ಕೊಯ್ಲಾದ ಗದ್ದೆಗೆ ಬನ್ನಿ. ಸುಗ್ಗಿ (ಎರಡನೇ) ಬೆಳೆ ಇಲ್ಲದ ಗದ್ದೆ ನಮ್ಮಲ್ಲಿ ಬೇಕಾದಷ್ಟುಂಟು. ಗಾಳ ಬೇಡ, ಲೈನ್ ತುದಿಗೆ 15 ಗ್ರಾಂ ಈಯದ (ಸೀಸದ) ಗುಂಡು ಕಟ್ಟಿ. ಹಗುರದ್ದು ಬೇಡವೇ ಬೇಡ. 5 ಗ್ರಾಂ ಕಟ್ಟಿ ಎಸೆಯಲು ಹೋಗುವುದು ಕಲಿತವರ ಕೆಲಸ.

ಹಿಡಿಯ ಪಕ್ಕದಲ್ಲೇ ಒಂದು ಸಣ್ಣ ದುಂಡನೆಯ ತಿರುಪು ಉಂಟಲ್ಲ, ಅದು ಸ್ಪೂಲ್ ಟೆನ್ಷನ್. ಅದನ್ನು ಬಿಗಿ ಮಾಡಿ, ರಾಡ್ ಅಡ್ಡ ಹಿಡಿದು, ಸ್ಪೂಲನ್ನು ಬಿಡಿಸುವ ಹೆಬ್ಬೆರಳಿನ ಬಾರ್ ಒತ್ತಿ. ಗುಂಡು ಅಲ್ಲಾಡದೆ ನೇತಾಡುತ್ತದೆ. ಈಗ ತಿರುಪನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತಾ ಹೋಗಿ. ಗುಂಡು ನಿಧಾನಕ್ಕೆ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಮುಟ್ಟಿದ ಮೇಲೂ ಎರಡು ಸುತ್ತು ತಿರುಗಿದರೆ ಸಡಿಲ ಜಾಸ್ತಿಯಾಯಿತು. ಗುಂಡಿನ ತೂಕ ಬದಲಾಯಿಸಿದಾಗೆಲ್ಲ ಇದನ್ನು ಮತ್ತೆ ನೋಡಿ.

ಇನ್ನೊಂದು ಬದಿಯ ಮುಚ್ಚಳದಲ್ಲಿ ಬ್ರೇಕ್. ನನ್ನದು ಆಯಸ್ಕಾಂತದ್ದು. ಇದು ಸ್ಪೂಲನ್ನು ಮುಟ್ಟುವುದೇ ಇಲ್ಲ, ಆದರೂ ತಡೆಯುತ್ತದೆ. ಮೊದಲು ನಂಬಿಕೆ ಬರಲಿಲ್ಲ. ಮನೆಯ ಹಳೇ ಕರೆಂಟ್ ಮೀಟರ್ ನೆನಪುಂಟಾ, ಒಳಗೆ ಅಲ್ಯುಮಿನಿಯಂ ತಟ್ಟೆ ತಿರುಗುತ್ತಿದ್ದದ್ದು? ಅದರ ಅಂಚಿಗೂ ಒಂದು ಆಯಸ್ಕಾಂತ ಇರುತ್ತಿತ್ತು, ತಟ್ಟೆ ಲಂಗುಲಗಾಮಿಲ್ಲದೆ ಓಡದಿರಲಿ ಅಂತ. ಅದೇ ಉಪಾಯ ಇಲ್ಲೂ. ಸ್ಪೂಲ್ ಜೋರಾದಷ್ಟೂ ತಡೆ ಜಾಸ್ತಿ. 10ರವರೆಗೆ ಅಂಕಿ ಇದ್ದರೆ 8ಕ್ಕೆ ಇಟ್ಟು ಶುರು ಮಾಡಿ. ಯೂಟ್ಯೂಬ್‌ನಲ್ಲಿ ಬ್ರೇಕ್ ಸೊನ್ನೆಗಿಟ್ಟು ಎಸೆದು ತೋರಿಸುವವರನ್ನು ನೋಡಿ ನಾಚಿಕೊಳ್ಳಬೇಡಿ. ಅವರು ಹಾಳು ಮಾಡಿಕೊಂಡ ಲೈನ್ ವಿಡಿಯೋದಲ್ಲಿ ಬರುವುದಿಲ್ಲ.

ಎಸೆಯುವಾಗ ಹಿಡಿ ಆಕಾಶ ನೋಡುವ ಹಾಗೆ ಮಣಿಕಟ್ಟು ತಿರುಗಿಸಿ (ಬಲಗೈಯಲ್ಲಿ ಎಸೆಯುವ, ಬಲ ಹಿಡಿಯ ರೀಲ್‌ಗೆ ಈ ಮಾತು). ಜಾಡಿಸಬೇಡಿ, ತೂಗಿ ಬಿಡಿ. ಹೆಬ್ಬೆರಳನ್ನು ಸ್ಪೂಲಿನಿಂದ ಪೂರ್ತಿ ಎತ್ತಬೇಡಿ, ಲೈನ್ ಬೆರಳ ತುದಿಗೆ ಸವರಿಕೊಂಡು ಹೋಗುತ್ತಿರಲಿ. ಉಬ್ಬಿದರೆ ಬೆರಳಿಗೇ ಗೊತ್ತಾಗುತ್ತದೆ, ಅಲ್ಲೇ ಮೆಲ್ಲ ಅದುಮಿ. ಗುಂಡು ನೆಲಕ್ಕೆ ಬೀಳುವ ಒಂದು ಚಿಟಿಕೆ ಮೊದಲು ಪೂರ್ತಿ ಒತ್ತಿ ನಿಲ್ಲಿಸಿ. ಈ ಕೊನೆಯದ್ದು ಮರೆತರೆ ಮೇಲೆ ಹೇಳಿದ್ದೆಲ್ಲ ನೀರಲ್ಲಿ ಹೋಮ. ಸುಮಾರು 200 ವರ್ಷದ ಹಿಂದೆ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ರಿಪೇರಿಯವರು ಇಂಥ ರೀಲ್ ಮಾಡಿದಾಗ ಈ ಬ್ರೇಕು ಗೀಕು ಎಂತದೂ ಇರಲಿಲ್ಲ. ಹೆಬ್ಬೆರಳೇ ಬ್ರೇಕ್.

ಸಿಕ್ಕು ಬಿದ್ದರೆ ಕೂಡಲೇ ಎಳೆಯಬೇಡಿ. ಹೆಬ್ಬೆರಳಿಂದ ಸ್ಪೂಲನ್ನು ಗಟ್ಟಿ ಒತ್ತಿ ಹಿಡಿದು, ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಬಾರ್ ಒತ್ತಿ ಲೈನ್ ಮೆಲ್ಲ ಎಳೆಯಿರಿ. ಸಣ್ಣ ಸಿಕ್ಕಾದರೆ ಹೆಚ್ಚಿನ ಸಲ ಬಿಟ್ಟುಕೊಳ್ಳುತ್ತದೆ. ನನಗೆ ಇದು ಗೊತ್ತಿಲ್ಲದ ದಿನಗಳಲ್ಲಿ ಜಗಲಿಯಲ್ಲಿ ರಾತ್ರಿ ಹತ್ತರವರೆಗೆ ಸೂಜಿ ಹಿಡಿದು ಕೂರುತ್ತಿದ್ದೆ. "ಎಂತ ಮಾರಾಯ್ರೆ, ನೀವು ಮೀನು ಹಿಡಿಯಲು ಹೋಗುವುದಾ, ಮಲ್ಲಿಗೆ ಕಟ್ಟಲು ಹೋಗುವುದಾ?" ಅಂತ ಹೆಂಡತಿ ಕೇಳಿದ್ದು ಇನ್ನೂ ಮನೆಯಲ್ಲಿ ಚಾಲ್ತಿಯಲ್ಲುಂಟು.

ಇಷ್ಟೆಲ್ಲ ಕಲಿತು ಏನು ಲಾಭ ಅಂದರೆ, ಕಡಲ ಬದಿಯಲ್ಲಿ ಹೆಚ್ಚೇನಿಲ್ಲ. ಮರಳ ದಡದಿಂದ ದೂರ ಎಸೆಯಲು ಸ್ಪಿನ್ನಿಂಗ್ ರೀಲೇ ಸುಖ. ನಮ್ಮ ಪಕ್ಕದ ಮನೆ ಮಾಮ ಅದೂ ಇಲ್ಲದೆ, ಪ್ಲಾಸ್ಟಿಕ್ ಬಾಟಲಿಗೆ ನೂಲು ಸುತ್ತಿಕೊಂಡು, ಗುಂಡನ್ನು ತಲೆ ಮೇಲೆ ತಿರುಗಿಸಿ ಬಿಟ್ಟು ನನಗಿಂತ ಜಾಸ್ತಿ ಮೀನು ತರುತ್ತಾರೆ. ಬೈಟ್‌ಕಾಸ್ಟರ್‌ಗೆ ಬೆಲೆ ಬರುವುದು ಹಿನ್ನೀರಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಸಂದಿಯಲ್ಲಿ. ಅಲ್ಲಿ ದೂರ ಮುಖ್ಯವಲ್ಲ, ಗುರಿ ಮುಖ್ಯ. ಒಂದು ಗೇಣು ಆಚೆ ಹೋದರೆ ಗಾಳ ಕೊಂಬೆಗೆ. ಬೀಳುವ ಜಾಗ ಕಂಡ ಕೂಡಲೇ ಹೆಬ್ಬೆರಳು ಒತ್ತಿ ಅಲ್ಲೇ ಇಳಿಸಬಹುದು. ಕೆಂಬೇರಿ ಮೀನು ಅಂಥ ಸಂದಿಯಲ್ಲೇ ಇರುವುದು, ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ. ಅದನ್ನು ಹೊರಗೆಳೆಯಲೂ ಈ ರೀಲ್ ಒಳ್ಳೆಯದು.

ಉಪ್ಪು ನೀರಿಂದ ಬಂದ ಮೇಲೆ ಸಿಹಿ ನೀರಲ್ಲಿ ಮೆಲ್ಲ ತೊಳೆದು ನೆರಳಲ್ಲಿ ಒಣಗಿಸಿ. ಪೈಪಿನಿಂದ ಜೋರಾಗಿ ನೀರು ಹೊಡೆಯಬೇಡಿ, ಉಪ್ಪು ಒಳಗೆ ಹೋಗಿ ಕೂರುತ್ತದೆ.

ಮಟ್ಟು ಸೇತುವೆಯ ಹುಡುಗ ಇದನ್ನು ಓದುತ್ತಿದ್ದರೆ: ಮೊನ್ನೆ ನೀನು ಕತ್ತರಿಸಿ ಕಟ್ಟೆ ಮೇಲೆ ಬಿಟ್ಟು ಹೋದ ಲೈನನ್ನು ನಾನು ಹೆಕ್ಕಿ ತಂದಿದ್ದೇನೆ. ಹಾಗೆ ಬಿಟ್ಟರೆ ಹಕ್ಕಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಮಾರಾಯ. ಭಾನುವಾರ ಏಳು ಗಂಟೆಗೆ ಕಟಪಾಡಿ ಕಡೆ ಬಾ, ಗದ್ದೆಗೆ ಹೋಗುವ. ಗುಂಡು ನಾನು ತರುತ್ತೇನೆ.