ಗಾಡಿಗೆ ಮಡಿ ಜಾಸ್ತಿ

ಹಳೆಯ ಯೆಜ್ಡಿ ಬೈಕ್ ಓಡಿಸದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಇದರಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಎಡಗಾಲ ಹತ್ತಿರದ ಗೇರ್ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹಾಗಾಗಿ ನನಗೆ ಕಳ್ಳರ ಭಯ ಇಲ್ಲ. ಈಗಿನ ಹುಡುಗ ಕಿಕ್ಕರ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಇದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಒಂದೊಂದು ಸಲ ಸ್ಟಾರ್ಟ್ ಆಗಲ್ಲ ಅಂದರೆ ಗಾಡಿಗೆ ವಯಸ್ಸಾಗಿದೆ ಅಷ್ಟೇ, ಅದರದ್ದೇನೂ ತಪ್ಪಿಲ್ಲ. ಮಳೆಗಾಲದ ಬೆಳಿಗ್ಗೆ ಏಳೋಕೆ ನನಗೇ ಮನಸ್ಸು ಬರಲ್ಲ.

ನಮ್ಮನೆಯವಳ ಅಭಿಪ್ರಾಯ ಬೇರೆ. "ನಿಮ್ಮ ಗಾಡಿಗೆ ಮಡಿ ಜಾಸ್ತಿ ಕಣ್ರೀ" ಅಂತಾಳೆ. ಆಚಾರ ಇರುವುದೇನೋ ನಿಜ. ಮೊದಲು ಪೆಟ್ರೋಲಿನ ನಲ್ಲಿಯನ್ನು ತಿರುಗಿಸಬೇಕು. ಕಾರ್ಬುರೇಟರಿನ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವ ತನಕ ಒತ್ತಬೇಕು. ಕೀ ಹಾಕದೆ ಒಂದೆರಡು ಸಲ ಮೆಲ್ಲಗೆ ಕಿಕ್. ಆಮೇಲೆ ಕೀ, ಆಮೇಲೆ ಜೋರು ಕಿಕ್.

ಶ್ರಾವಣದಲ್ಲಿ ಗುಬ್ಬಿಯಲ್ಲೊಂದು ಮದುವೆ. ತುಮಕೂರಿನಿಂದ ಎಷ್ಟು ಮಹಾ ದೂರ, ಗಾಡಿಯಲ್ಲೇ ಹೋಗೋಣ ಅಂದೆ. ರಾತ್ರಿಯೆಲ್ಲ ಜಿಟಿಜಿಟಿ ಮಳೆ. ಬೆಳಿಗ್ಗೆ ಆಚಾರವೆಲ್ಲ ಮುಗಿಸಿ ಕಿಕ್ ಹೊಡೆದರೆ ಬರೀ ಬುಸ್ ಅನ್ನುವ ಸದ್ದು. ರೇಷ್ಮೆ ಸೀರೆ ಉಟ್ಟವಳು ಮುಯ್ಯಿ ಕವರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು.

ಸ್ಟಾರ್ಟ್ ಆಗದ ಗಾಡಿ ನೋಡಿದರೆ ನಮ್ಮ ಬೀದಿಯವರಿಗೆ ಎಲ್ಲಿಲ್ಲದ ಉತ್ಸಾಹ. ಹಾಲಿನವನು "ರಿಸರ್ವಿಗೆ ಹಾಕಿ ಸಾರ್" ಅಂದ. ಎಲೆಕ್ಟ್ರಿಕ್ ಸ್ಕೂಟರಿನ ಹುಡುಗ "ಅಂಕಲ್, ಮಾರಿಬಿಡಿ" ಅಂದ. ಅವನ ಸ್ಕೂಟರ್ ಸದ್ದಿಲ್ಲದೆ ಹೊರಟುಹೋಯಿತು. ಅದು ನನ್ನನ್ನು ಅಣಕಿಸಲೆಂದೇ ಹಾಗೆ ಮಾಡಿದ್ದು.

ಕೊನೆಗೆ ಎದುರುಮನೆ ಯಜಮಾನರು ಬಂದರು. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಮಾತಿಲ್ಲ ಕತೆಯಿಲ್ಲ, ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿದರು. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ ಅಂತ. ಒದ್ದೆಯಿದ್ದರೆ ಪೆಟ್ರೋಲ್ ಇದೆ, ಕಿಡಿ ಇಲ್ಲ. ಅರ್ಧ ವಿದ್ಯೆ ಇಷ್ಟೇ ನೋಡಿ. ನಮ್ಮದು ಒದ್ದೆ. ಒರೆಸಿ, ವೈರಿಗೆ ಸಿಕ್ಕಿಸಿ, ಇಂಜಿನ್ ಹೆಡ್ಡಿಗೆ ತಾಗಿಸಿ ಹಿಡಿದು "ಹೊಡೀರಿ" ಅಂದರು. ನೀಲಿಯಾಗಿ ಚಟ್ ಅನ್ನಬೇಕಾದ ಕಿಡಿ ಹಳದಿಯಾಗಿ, ಇದ್ದೂ ಇಲ್ಲದ ಹಾಗೆ ಕಾಣಿಸಿತು.

"ಪಾಯಿಂಟು" ಅಂದರು.

ಬದಿಯ ಕವರ್ ಬಿಚ್ಚಿದರೆ ಒಳಗೆ ಎರಡು ಸಣ್ಣ ಬಿಲ್ಲೆಗಳು. ಕೂಡಿ ಬಿಟ್ಟು ಪ್ಲಗ್ಗಿಗೆ ಕಿಡಿ ಹುಟ್ಟಿಸುವ ಪಾಯಿಂಟು ಅಂದರೆ ಇವೇ. ತೆರೆದರೂ ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಬಿಲ್ಲೆಗಳ ಮುಖದ ಮೇಲೆಲ್ಲ ಕರಿ ಜಿಡ್ಡು. ಇಷ್ಟಕ್ಕೇ ಇಡೀ ಗಾಡಿ ಮುನಿಸಿಕೊಂಡಿತ್ತು. "ಗಟ್ಟಿ ಕಾಗದ ಏನಾದ್ರೂ ಇದೆಯಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ನನ್ನ ಜೇಬಿನಿಂದ ಇಣುಕುತ್ತಿದ್ದ ಲಗ್ನಪತ್ರಿಕೆಯನ್ನೇ ಎಳೆದುಕೊಂಡರು. ಅರಿಶಿನ ಹಚ್ಚಿದ ಮೂಲೆಯನ್ನು ಸಂದಿಗೆ ತೂರಿಸಿ ವಾಚ್ ರಿಪೇರಿ ಮಾಡುವಷ್ಟು ನಾಜೂಕಾಗಿ ಹಿಂದೆ ಮುಂದೆ ಎಳೆದರು. ಚಿ. ರಾ. ಹೆಸರಿನ ಮೇಲೊಂದು ಕರಿ ಗೆರೆ. ತಿರುಗಿಸಿ ಎಳೆದಾಗ ಚಿ. ಸೌ. ಹೆಸರಿನ ಮೇಲೂ ಒಂದು. ಕೊನೆಗೆ ಕೈ ಒರೆಸಿಕೊಂಡದ್ದೂ ಅದರಲ್ಲೇ.

ಕವರ್ ಹಾಕಿ ಒಂದು ಕಿಕ್ ಕೊಟ್ಟೆ. ಎರಡೂ ಸೈಲೆನ್ಸರುಗಳಿಂದ ಹೊಗೆ ಬುಗ್ಗೆಂದಿತು. ಆ ಸದ್ದಿಗೆ ಸಮ ಇನ್ನೊಂದಿಲ್ಲ ಬಿಡಿ. ಹೊಗೆ ತಿಳಿಯಾದ ಮೇಲೆ ನೋಡಿದರೆ ಗೇಟಿನ ಹತ್ತಿರ ಯಾರೂ ಇಲ್ಲ.

ಫೋನ್ ಮಾಡಿದೆ. "ನಾನು ಬಸ್ಸಲ್ಲಿದೀನಿ. ಆಧಾರ್ ಕಾರ್ಡ್ ಬ್ಯಾಗಲ್ಲೇ ಇತ್ತು" ಅಂದಳು. ಶಕ್ತಿ ಯೋಜನೆ ಬಂದಾಗಿನಿಂದ ನನ್ನ ಹಿಂದಿನ ಸೀಟಿಗೆ ಬೇಡಿಕೆ ಕಮ್ಮಿ.

ಹೆಗ್ಗೆರೆ ದಾಟಿ ಗುಬ್ಬಿ ತಲುಪಿದೆ. ಯಾವ ಛತ್ರ ಅಂತ ಪತ್ರಿಕೆ ತೆಗೆದು ನೋಡಿದರೆ ಅಡ್ರೆಸ್ ಇದ್ದ ಜಾಗದಲ್ಲಿ ಯಜಮಾನರ ಹೆಬ್ಬೆಟ್ಟು. ಅವಳ ಫೋನ್ ರಿಂಗಾಗುತ್ತಿತ್ತು, ವಾಲಗದ ಸದ್ದಲ್ಲಿ ಎಲ್ಲಿ ಕೇಳಬೇಕು? ಮೊದಲು ಹೊಕ್ಕ ಛತ್ರದಲ್ಲಿ ಯಾರೋ ಪನ್ನೀರು ಚಿಮುಕಿಸಿ "ಗಂಡಿನ ಕಡೆಯವರಾ?" ಅಂದರು. ಮಸಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೊರಗೆ ಬಂದೆ. ಎರಡನೆಯದರಲ್ಲಿ ನಮ್ಮವರು ಸಿಕ್ಕರು. ಧಾರೆ ಆಗಿತ್ತು. ಊಟ ಇತ್ತು. ಒಬ್ಬಟ್ಟು ಮುಗಿದಿತ್ತು.